‘ಟೇಕ್’: ಒಂದೇ ಪದ, ಹತ್ತಾರು ಅರ್ಥ – ಗಡಿಯವರ ಬೆನ್ನಿಗೆ ಎರಡು ಭಾಷೆ

ಮನೆಯ ಗೂಡಿನಲ್ಲಿ ಒಂದು ಸೀಸೆ ಇದೆ ಎಂದಿಟ್ಟುಕೊಳ್ಳಿ. ಮಂಡಿನೋವಿಗೆ ಹಚ್ಚಿಕೊಳ್ಳಲು ತಂದ ಎಣ್ಣೆಯದೋ, ಹೊಲಕ್ಕೆ ಹೊಡೆದು ಉಳಿದ ಔಷಧಿಯದೋ ಅಜ್ಜಿಗೆ ಗೊತ್ತಾಗುತ್ತಿಲ್ಲ. “ಏನ್ ಬರ್ದವ್ರೆ ಓದು ಮಗ” ಎಂದು ಹತ್ತನೇ ತರಗತಿಯ ಮೊಮ್ಮಗಳ ಕೈಗೆ ಕೊಡುತ್ತಾಳೆ. ಸೀಸೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕೇ ಪದ: ‘ನಾಟ್ ಟು ಬಿ ಟೇಕನ್’. ಹುಡುಗಿ ಓದುತ್ತಾಳೆ. ‘ಟೇಕ್’ ಎಂದರೆ ತಗೋ ಎಂದು ಮೂರನೇ ತರಗತಿಯಲ್ಲೇ ಕಲಿತಿದ್ದಾಳೆ. “ತಗೋಬಾರದಂತೆ ಅಜ್ಜಿ” ಎನ್ನುತ್ತಾಳೆ. ಎಲ್ಲಿಂದ ತಗೋಬಾರದು? ಅಂಗಡಿಯಿಂದಲೇ? ಗೂಡಿನಿಂದಲೇ? ಅಜ್ಜಿಗೆ ಅರ್ಥವಾಗುವುದಿಲ್ಲ.

ಆ ನಾಲ್ಕು ಪದಗಳ ಅರ್ಥ ಒಂದೇ: ಇದನ್ನು ಹೊಟ್ಟೆಗೆ ಹಾಕಿಕೊಳ್ಳಬಾರದು. ಬ್ರಿಟಿಷರ ಕಾಲದಲ್ಲಿ ವಿಷದ ಸೀಸೆಗಳ ಗಾಜಿನ ಮೇಲೇ ಈ ಮಾತನ್ನು ಉಬ್ಬಕ್ಷರದಲ್ಲಿ ಅಚ್ಚು ಹಾಕುತ್ತಿದ್ದರು. ಕತ್ತಲಲ್ಲಿ ಕೈಯಾಡಿಸಿದರೂ ಗೊತ್ತಾಗಲಿ ಎಂದು. ಅಂದರೆ ‘ಟೇಕ್’ ಎಂಬ ಪದಕ್ಕೆ ನುಂಗು, ಕುಡಿ ಎಂಬ ಅರ್ಥವೂ ಇದೆ. ಅದನ್ನು ತಿಳಿಯದೆ ಹೋದರೆ ಕಳೆದುಕೊಳ್ಳುವುದು ಪರೀಕ್ಷೆಯ ಒಂದು ಅಂಕವನ್ನಷ್ಟೇ ಅಲ್ಲ.

ಇಂಗ್ಲಿಷಿನಲ್ಲಿ ಸಣ್ಣ ಕ್ರಿಯಾಪದಗಳೇ ಹೆಚ್ಚು ತೊಂದರೆ ಕೊಡುತ್ತವೆ. ಉದ್ದನೆಯ ಪದಕ್ಕೆ ಸಾಮಾನ್ಯವಾಗಿ ಒಂದೆರಡು ಅರ್ಥ, ನಿಘಂಟು ತೆಗೆದರೆ ಮುಗಿಯಿತು. ಸಣ್ಣ ಪದ ಹಾಗಲ್ಲ. ಓಡು ಎಂಬ ಅರ್ಥದ ‘ರನ್’ ಪದಕ್ಕೆ 645 ಅರ್ಥಗಳನ್ನು ಗುರುತಿಸಲಾಗಿದೆ ಎಂದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರೊಬ್ಬರು 2011ರಲ್ಲಿ ಲೆಕ್ಕ ಕೊಟ್ಟಿದ್ದರು. ‘ಟೇಕ್’ ಕೂಡ ಅದೇ ಜಾತಿಯ ಪದ. ಆದರೆ ರಾಯದುರ್ಗ, ಮಡಕಶಿರಾ ಕಡೆಯ ಜನರಿಗೆ ಒಂದು ಅನುಕೂಲ ಇದೆ. ಅವರ ಬಾಯಲ್ಲಿ ಆಗಲೇ ಎರಡು ಭಾಷೆ ಇವೆ. ಆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮೂರನೆಯದು ಅರ್ಧ ಬಗೆಹರಿಯುತ್ತದೆ.

ಮೂರು ಭಾಷೆಯ ಮನೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಬಂತು. ಮಡಕಶಿರಾ ಮೊದಲಿನಿಂದಲೂ ಅನಂತಪುರದಲ್ಲೇ ಇತ್ತು. 2022ರ ಏಪ್ರಿಲ್ 4ರಂದು ಜಿಲ್ಲೆಗಳ ಮರುವಿಂಗಡಣೆಯಾದ ಮೇಲೆ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗಡಿಗಳು ಹೀಗೆ ಅತ್ತಿತ್ತ ಸರಿದರೂ ಡಿ. ಹಿರೇಹಾಳ್, ಅಗಳಿ, ರೊಳ್ಳ, ಗುಡಿಬಂಡ, ಅಮರಾಪುರಂ ಕಡೆಯ ಮನೆಗಳಲ್ಲಿ ಕನ್ನಡ ಉಳಿದಿದೆ. ಸಂತೆಯಲ್ಲಿ ಎರಡೂ ನಡೆಯುತ್ತದೆ. ಕಚೇರಿಯಲ್ಲಿ ತೆಲುಗು. ಔಷಧಿ ಸೀಸೆ, ಬ್ಯಾಂಕಿನ ಅರ್ಜಿ, ಮೊಬೈಲಿನ ಪರದೆಯಲ್ಲಿ ಇಂಗ್ಲಿಷ್.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಇರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರ ಏಳನೇ ತಿದ್ದುಪಡಿಯಲ್ಲಿ ಅದು ಸೇರಿತು. ಇತ್ತ 2019ರ ನವೆಂಬರ್‌ನಲ್ಲಿ ಆಂಧ್ರ ಸರ್ಕಾರ 1ರಿಂದ 6ನೇ ತರಗತಿಯವರೆಗೆ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ತರುವ ಆದೇಶ ಹೊರಡಿಸಿತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಮಾಧ್ಯಮದ ವಾದ ಏನೇ ಇರಲಿ, ಇಂಗ್ಲಿಷ್ ಬೇಡ ಎನ್ನುವ ತಂದೆತಾಯಿ ಈಗ ಸಿಗುವುದು ಕಷ್ಟ. ಪ್ರಶ್ನೆ ಇರುವುದು ಅದನ್ನು ಯಾವುದರ ಮೇಲೆ ನಿಂತು ಕಲಿಯಬೇಕು ಎಂಬುದರಲ್ಲಿ.

ತಗೋ, ತೀಸುಕೋ

ಮೊದಲ ಅರ್ಥದಿಂದಲೇ ಶುರು ಮಾಡೋಣ. ಕೈ ಚಾಚಿ ಒಂದು ವಸ್ತುವನ್ನು ಪಡೆಯುವುದು. ಕನ್ನಡದಲ್ಲಿ ‘ತೆಗೆದುಕೊಳ್ಳು’, ಆಡುಮಾತಿನಲ್ಲಿ ‘ತಗೋ’. ತೆಲುಗಿನಲ್ಲಿ ‘ತೀಸುಕೊನು’, ಆಡುಮಾತಿನಲ್ಲಿ ‘ತೀಸುಕೋ’. ಎರಡರ ಕಟ್ಟೂ ಒಂದೇ. ತೆಗೆದು + ಕೊಳ್ಳು, ತೀಸಿ + ಕೊನು. ಒಂದು ವಸ್ತುವನ್ನು ಇದ್ದ ಜಾಗದಿಂದ ತೆಗೆಯುವುದು, ತನ್ನದಾಗಿಸಿಕೊಳ್ಳುವುದು ಎಂಬ ಎರಡು ಕೆಲಸ ಸೇರಿ ಒಂದು ಪದ.

ಇದರಲ್ಲಿ ಬಾಲದಂತೆ ಕಾಣುವ ‘ಕೊಳ್ಳು’, ‘ಕೊನು’ ಎಂಬುದೇ ಮುಖ್ಯ. ಎರಡೂ ಒಂದೇ ದ್ರಾವಿಡ ಬೇರಿನಿಂದ ಬಂದವು. ಒಂಟಿಯಾಗಿ ನಿಂತರೆ ಖರೀದಿ ಮಾಡು ಎಂದು ಅರ್ಥ. ಇನ್ನೊಂದು ಕ್ರಿಯೆಯ ಹಿಂದೆ ಬಂದರೆ ‘ತನಗಾಗಿ’ ಎಂಬ ಅರ್ಥ. ಬರೆ ಎಂದರೆ ಯಾರಿಗಾದರೂ ಬರೆಯಬಹುದು. ಬರ್ಕೋ ಎಂದರೆ ನಿನಗಾಗಿ. ತೆಲುಗಿನಲ್ಲೂ ಹಾಗೆಯೇ, ರಾಯಿ ಮತ್ತು ರಾಸುಕೋ. ಅಂದರೆ ಈ ಎರಡು ಭಾಷೆಗಳಲ್ಲಿ ‘ತಗೋ’ ಎಂಬ ಭಾವ ವ್ಯಾಕರಣದ ಒಳಗೇ ಸೇರಿಹೋಗಿದೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಅಲ್ಲಿ ‘ಟೇಕ್’ ಪದವೇ ಎಲ್ಲ ಕಡೆ ಓಡಾಡಿ ಕೆಲಸ ಮಾಡಬೇಕು. ಅದಕ್ಕೇ ಅದಕ್ಕೆ ಅಷ್ಟೊಂದು ಅರ್ಥ.

ಕನ್ನಡದ ‘ಪಾಲ್ಗೊಳ್ಳು’ ಪದವನ್ನು ಬಿಡಿಸಿ ನೋಡಿ. ಪಾಲು + ಕೊಳ್ಳು. ತೆಲುಗಿನಲ್ಲಿ ‘ಪಾಲ್ಗೊನು’. ಇಂಗ್ಲಿಷಿನಲ್ಲಿ ‘ಟೇಕ್ ಪಾರ್ಟ್’, ಪಾರ್ಟ್ ಎಂದರೆ ಪಾಲು. ಮೂರೂ ಭಾಷೆ ಒಂದೇ ಮಾತು ಹೇಳುತ್ತಿವೆ. ‘ಕೈಗೊಳ್ಳು’ ಕೂಡ ಹಾಗೆ. ಕೈ + ಕೊಳ್ಳು, ಅಂದರೆ ಒಂದು ಕೆಲಸವನ್ನು ಕೈಗೆ ತೆಗೆದುಕೊಳ್ಳುವುದು. ತೆಲುಗಿನವರು ‘ಚೇಪಟ್ಟು’ ಎನ್ನುತ್ತಾರೆ, ಕೈಯಲ್ಲಿ ಹಿಡಿ ಎಂದು. ಇಂಗ್ಲಿಷಿನಲ್ಲಿ ‘ಅಂಡರ್‌ಟೇಕ್’. ಮಗುವಿಗೆ ಹೀಗೆ ಬಿಡಿಸಿ ತೋರಿಸಿದರೆ ಬಾಯಿಪಾಠ ಮಾಡುವ ಅಗತ್ಯವೇ ಬರುವುದಿಲ್ಲ.

ತಾ, ಒಯ್ಯಿ: ದಿಕ್ಕಿನ ಗೊಂದಲ

ಮಕ್ಕಳು ಹೆಚ್ಚಾಗಿ ತಪ್ಪುವುದು ‘ಬ್ರಿಂಗ್’ ಮತ್ತು ‘ಟೇಕ್’ ನಡುವೆ. “ಟೇಕ್ ದಟ್ ಬುಕ್ ಟು ಮಿ” ಎಂದು ಬರೆದುಬಿಡುತ್ತಾರೆ. ತಪ್ಪು ಎಲ್ಲಿಂದ ಬಂತೆಂಬುದು ಸ್ಪಷ್ಟ. ಕನ್ನಡದಲ್ಲಿ ‘ತಗೊಂಡು ಬಾ’, ‘ತಗೊಂಡು ಹೋಗು’ ಎರಡರಲ್ಲೂ ‘ತಗೊಂಡು’ ಇದೆ. ದಿಕ್ಕು ಹೇಳುವುದು ಹಿಂದಿನ ಬಾ, ಹೋಗು. ತೆಲುಗಿನ ‘ತೀಸುಕುರಾ’, ‘ತೀಸುಕೆಳ್ಳು’ ಕೂಡ ಇದೇ ರೀತಿ. ಇಂಗ್ಲಿಷಿನಲ್ಲಿ ದಿಕ್ಕು ಪದದ ಹೊಟ್ಟೆಯಲ್ಲೇ ಇರುತ್ತದೆ. ಮಾತಾಡುವವನ ಕಡೆಗೆ ಬಂದರೆ ಬ್ರಿಂಗ್, ಅವನಿಂದ ಆಚೆ ಹೋದರೆ ಟೇಕ್. ಬಾ ಇದ್ದರೆ ಬ್ರಿಂಗ್, ಹೋಗು ಇದ್ದರೆ ಟೇಕ್. ಇಷ್ಟು ನೆನಪಿಟ್ಟರೆ ಸಾಕು.

ಇನ್ನೊಂದು ವ್ಯತ್ಯಾಸ ಇದೆ. ಕನ್ನಡದಲ್ಲಿ ಚೀಲವನ್ನು ತಗೊಂಡು ಹೋಗುತ್ತಾರೆ, ಮಗುವನ್ನು ಕರ್ಕೊಂಡು ಹೋಗುತ್ತಾರೆ, ದನವನ್ನು ಹೊಡ್ಕೊಂಡು ಹೋಗುತ್ತಾರೆ, ನೀರಿನ ಕೊಡವನ್ನು ಹೊತ್ಕೊಂಡು ಹೋಗುತ್ತಾರೆ. ಮನುಷ್ಯನನ್ನು ತಗೊಂಡು ಹೋದರು ಎಂದರೆ ಕೇಳಿದವರು ಗಾಬರಿಯಾಗುತ್ತಾರೆ. ಇಂಗ್ಲಿಷಿನಲ್ಲಿ ಚೀಲಕ್ಕೂ ಮಗುವಿಗೂ ‘ಟೇಕ್’ ನಡೆಯುತ್ತದೆ. ಕರಾವಳಿ ಆಂಧ್ರದ ತೆಲುಗಿನಲ್ಲೂ ‘ತೀಸುಕೆಳ್ಳು’ ಎಂಬುದು ವಸ್ತುವಿಗೂ ಮನುಷ್ಯರಿಗೂ ಬರುತ್ತದೆ. ಆದರೆ ರಾಯಲಸೀಮೆಯ ತೆಲುಗಿನಲ್ಲಿ ಮನುಷ್ಯರಾದರೆ ‘ಪಿಲ್ಚುಕೊನಿ ಪೋ’ ಎನ್ನುತ್ತಾರೆ. ಪಿಲುಚು ಎಂದರೆ ಕರೆ. ಕನ್ನಡದ ‘ಕರ್ಕೊಂಡು ಹೋಗು’ ಮಾತಿನ ಪಡಿಯಚ್ಚು ಇದು. ಪಕ್ಕಪಕ್ಕದಲ್ಲಿ ಬದುಕಿದ ಎರಡು ಭಾಷೆಗಳು ಒಂದೇ ರೀತಿ ಯೋಚಿಸುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಔಷಧಿ: ಇಲ್ಲಿ ತಪ್ಪಬಾರದು

ಇಂಗ್ಲಿಷಿನಲ್ಲಿ ಮಾತ್ರೆಯಾದರೂ ಟೇಕ್, ಟಾನಿಕ್ ಆದರೂ ಟೇಕ್. ಕನ್ನಡದಲ್ಲಿ ಮಾತ್ರೆ ನುಂಗುತ್ತಾರೆ, ಟಾನಿಕ್ ಕುಡಿಯುತ್ತಾರೆ, ಸೂಜಿ ಹಾಕಿಸಿಕೊಳ್ಳುತ್ತಾರೆ. ತೆಲುಗಿನಲ್ಲಿ ಮಾತ್ರೆಗೆ ‘ವೇಸುಕೋ’, ಟಾನಿಕ್‌ಗೆ ‘ತಾಗು’, ಸೂಜಿಗೆ ‘ವೇಯಿಂಚುಕೋ’. ಈ ‘ತಾಗು’ ಪದದ ಬಗ್ಗೆ ಎಚ್ಚರ ಇರಲಿ. ತೆಲುಗಿನ ತಾಗು ಎಂದರೆ ಕುಡಿ. ಕನ್ನಡದ ತಾಗು ಎಂದರೆ ಮುಟ್ಟು, ಸೋಕು. ಎರಡೂ ಭಾಷೆ ಬಲ್ಲ ಗಡಿಯವರಿಗೆ ಇದು ಗೊತ್ತಿರುವ ಸಂಗತಿಯೇ, ಆದರೆ ತುಮಕೂರು, ಚಿತ್ರದುರ್ಗ ಕಡೆಯಿಂದ ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಗೊತ್ತಿರಬೇಕೆಂದಿಲ್ಲ.

ಇನ್ನೂ ದೊಡ್ಡ ಅಪಾಯ ಬೇರೊಂದಿದೆ. ತೆಲುಗಿನಲ್ಲಿ ಕಾಯಿಲೆಯ ಔಷಧಿಗೂ ‘ಮಂದು’, ಹೊಲಕ್ಕೆ ಹೊಡೆಯುವುದಕ್ಕೂ ‘ಮಂದು’. ಕನ್ನಡದಲ್ಲೂ ಬೆಳೆಗೆ ಔಷಧಿ ಹೊಡೆದೆ ಎನ್ನುತ್ತಾರೆ. ಒಂದೇ ಹೆಸರಿನ ಎರಡು ಸೀಸೆ ಒಂದೇ ಗೂಡಿನಲ್ಲಿದ್ದರೆ ಬೇರೆ ಮಾಡಿ ತೋರಿಸುವುದು ಮೇಲಿನ ಚೀಟಿ ಮಾತ್ರ. ಓದಲು ಬಾರದವರಿಗೆಂದು ಕೀಟನಾಶಕದ ಚೀಟಿಯಲ್ಲಿ ಬಣ್ಣದ ಗುರುತನ್ನು ಕಡ್ಡಾಯ ಮಾಡಿದ್ದಾರೆ. ಮೂಲೆಯ ಮೇಲೆ ನಿಂತ ಚೌಕದ ಕೆಳ ಅರ್ಧದಲ್ಲಿ ಕೆಂಪು ಇದ್ದರೆ ಅತ್ಯಂತ ಘೋರ ವಿಷ. ಅದರ ಮೇಲೆ ತಲೆಬುರುಡೆಯ ಚಿತ್ರವೂ ಇರುತ್ತದೆ. ಹಳದಿ ಅದಕ್ಕಿಂತ ಕಡಿಮೆ, ಆದರೂ ತೀವ್ರ ವಿಷವೇ. ನೀಲಿ ಮಧ್ಯಮ, ಹಸಿರು ಕಡಿಮೆ. ಹಸಿರಿದ್ದರೂ ಅದು ಹೊಟ್ಟೆಗೆ ಹೋಗುವ ವಸ್ತುವಲ್ಲ.

ವೈದ್ಯರ ಚೀಟಿಯಲ್ಲಿ ‘ಟೇಕ್’ ಎಂದು ಬರೆದಿರುವುದೇ ಕಡಿಮೆ. ಅದನ್ನು ನಾವೇ ಸೇರಿಸಿ ಓದಬೇಕು. ಓ.ಡಿ. ಎಂದಿದ್ದರೆ ದಿನಕ್ಕೆ ಒಂದು ಸಲ ತಗೋ. ಬಿ.ಡಿ. ಎಂದರೆ ಎರಡು ಸಲ. ಟಿ.ಡಿ.ಎಸ್. ಎಂದರೆ ಮೂರು ಸಲ. ಎಚ್.ಎಸ್. ಎಂದರೆ ಮಲಗುವಾಗ. ಎಸ್.ಒ.ಎಸ್. ಎಂದರೆ ಅಗತ್ಯ ಬಿದ್ದಾಗ ಮಾತ್ರ. ಎ.ಸಿ. ಊಟಕ್ಕೆ ಮುಂಚೆ, ಪಿ.ಸಿ. ಊಟದ ನಂತರ. ಇವು ಲ್ಯಾಟಿನ್ ಮಾತುಗಳಿಂದ ಬಂದ ಗುರುತುಗಳು. ಅನುಮಾನ ಬಂದರೆ ಅಂಗಡಿಯಲ್ಲೇ ಕೇಳಿ, ಕವರಿನ ಮೇಲೆ ಬೆಳಿಗ್ಗೆ, ರಾತ್ರಿ ಎಂದು ಬರೆಸಿಕೊಳ್ಳುವುದು ಕ್ಷೇಮ.

ಇದೇ ಗುಂಪಿಗೆ ಸೇರಿದ ಇನ್ನೊಂದು ಮಾತು ಕಾಫಿಯದು. ಬಂದವರಿಗೆ “ಕಾಫಿ ತಗೊಳ್ಳಿ” ಎನ್ನುವುದು ನಮ್ಮಲ್ಲಿ ಮರ್ಯಾದೆ. ಕುಡೀರಿ ಎನ್ನುವುದಕ್ಕಿಂತ ತಗೊಳ್ಳಿ ಮೃದು. ತೆಲುಗಿನ “ತೀಸುಕೋಂಡಿ” ಕೂಡ ಹಾಗೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ “ಟೇಕ್ ಕಾಫಿ” ಎನ್ನುತ್ತಾರೆ. ಇಂಗ್ಲಿಷಿನವರು ಹೆಚ್ಚಾಗಿ ‘ಹ್ಯಾವ್’ ಎನ್ನುತ್ತಾರೆ. ಇಲ್ಲಿ ತಪ್ಪಿದರೆ ನಷ್ಟವೇನಿಲ್ಲ, ಕಾಫಿಯಂತೂ ಸಿಗುತ್ತದೆ.

ಹೊತ್ತು ಹಿಡಿಯುತ್ತದೆ

ಸಮಯದ ವಿಷಯಕ್ಕೆ ಬಂದರೆ ‘ಟೇಕ್’ ಪದಕ್ಕೆ ತಗೋ ಎಂಬ ಅರ್ಥ ಹೊಂದುವುದಿಲ್ಲ. “ಇಟ್ ಟುಕ್ ಟೂ ಅವರ್ಸ್” ಎಂಬುದನ್ನು ಅದು ಎರಡು ಗಂಟೆ ತಗೊಂಡಿತು ಎಂದು ಈಗೀಗ ಬರೆಯುವವರಿದ್ದಾರೆ. ಕನ್ನಡದ ಜಾಯಮಾನ ಬೇರೆ. ಎರಡು ಗಂಟೆ ಹಿಡಿಯಿತು, ಅಥವಾ ಎರಡು ಗಂಟೆ ಆಯಿತು. ತೆಲುಗಿನಲ್ಲಿ ‘ರೆಂಡು ಗಂಟಲು ಪಟ್ಟಿಂದಿ’. ಪಟ್ಟು ಎಂದರೆ ಹಿಡಿ. ಕೆಲಸ ಸಮಯವನ್ನು ಹಿಡಿದುಕೊಳ್ಳುತ್ತದೆ ಎಂಬ ಭಾವ ಎರಡರಲ್ಲೂ ಇದೆ.

ಕನ್ನಡದ ‘ಹಿಡಿ’ ಹಳಗನ್ನಡದಲ್ಲಿ ‘ಪಿಡಿ’ ಎಂದಿತ್ತು. ಅಮರಾಪುರಂ ಮಂಡಲದ ಹೇಮಾವತಿ ನೊಳಂಬರ ರಾಜಧಾನಿ ಹೆಂಜೇರು ಆಗಿದ್ದ ಕಾಲದಲ್ಲಿ ಕನ್ನಡದ ಇಂಥ ಪದಗಳ ಮೊದಲಲ್ಲಿ ಪ-ಕಾರವೇ ಕೇಳುತ್ತಿತ್ತು. ಮುಂದೆ ಅದು ಹ-ಕಾರವಾಯಿತು, ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ತೆಲುಗಿನಲ್ಲಿ ಪಾಲು, ಪುಲಿ ಹಾಗೇ ಉಳಿದವು. ಮುಷ್ಟಿಗೆ ‘ಪಿಡಿಕಿಲಿ’ ಎಂಬ ಪದದಲ್ಲಿ ಆ ಪಿಡಿಯೂ ಉಳಿದಿದೆ. ‘ಪಟ್ಟು’ ಎಂಬ ಪದವೂ ಎರಡು ಭಾಷೆಯಲ್ಲಿದೆ. ಕನ್ನಡದಲ್ಲಿ ಕುಸ್ತಿಯ ಪಟ್ಟು, ಹಠ ಹಿಡಿಯುವ ಪಟ್ಟು. ತೆಲುಗಿನಲ್ಲಿ ಹಿಡಿತವೂ ಹೌದು, ರೇಷ್ಮೆಯೂ ಹೌದು. ಮಡಕಶಿರಾ ಕಡೆಯಿಂದ ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಹೋಗುವ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ದರ್ಜಿಯ ಅಂಗಡಿಯಲ್ಲಿ, ಶಾಲೆಯಲ್ಲಿ

ರಾಯದುರ್ಗ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಅಳತೆ ತಗೊಳ್ಳುವುದು ಅಲ್ಲಿ ದಿನದ ಮಾತು. ತೆಲುಗಿನಲ್ಲಿ ‘ಕೊಲತ ತೀಸುಕೋ’. ಇಂಗ್ಲಿಷಿನಲ್ಲೂ ‘ಟೇಕ್’ ಪದವೇ. ಇಲ್ಲಿ ಮೂರೂ ಹೊಂದುತ್ತವೆ. ಆದರೆ ಆರ್ಡರಿನ ಜೊತೆ ಬರುವ ಇಂಗ್ಲಿಷ್ ಚೀಟಿಯಲ್ಲಿ ‘ಟೇಕ್ ಇನ್’ ಎಂದಿದ್ದರೆ ಸೊಂಟ ಒಳಗೆ ಹಿಡಿದು ಬಿಗಿ ಮಾಡಬೇಕು ಎಂದರ್ಥ. ‘ಟೇಕ್ ಅಪ್’ ಎಂದಿದ್ದರೆ ಕಾಲಿನ ಉದ್ದ ಕಡಿಮೆ ಮಾಡಬೇಕು. ಇನ್, ಅಪ್ ಎಂಬ ಸಣ್ಣ ಪದಗಳು ಅದಲುಬದಲಾದರೆ ಬಟ್ಟೆ ವಾಪಸ್ ಬರುತ್ತದೆ.

ಶಾಲೆಯಲ್ಲಿ ಇನ್ನೊಂದು ಗೊಂದಲ. ಕನ್ನಡದಲ್ಲಿ ಪರೀಕ್ಷೆ ಬರೆಯುತ್ತಾರೆ, ತೆಲುಗಿನಲ್ಲಿ ‘ಪರೀಕ್ಷ ರಾಯಿ’. ಹಿಂದಿಯಲ್ಲಿ ಪರೀಕ್ಷೆ ಕೊಡುತ್ತಾರೆ. ಇಂಗ್ಲಿಷಿನಲ್ಲಿ ವಿದ್ಯಾರ್ಥಿ ಪರೀಕ್ಷೆಯನ್ನು ‘ಟೇಕ್’ ಮಾಡುತ್ತಾನೆ. ‘ಟೇಕ್ ಎ ಕ್ಲಾಸ್’ ಎಂಬುದಕ್ಕೆ ಪಾಠ ಮಾಡುವುದೂ ಆಗುತ್ತದೆ, ಪಾಠಕ್ಕೆ ಸೇರುವುದೂ ಆಗುತ್ತದೆ. ಬ್ರಿಟನ್ನಿನಲ್ಲಿ, ನಮ್ಮಲ್ಲಿ ಮೇಷ್ಟ್ರು ಕ್ಲಾಸ್ ತಗೊಳ್ಳುತ್ತಾರೆ. ಅಮೆರಿಕದಲ್ಲಿ ತಗೊಳ್ಳುವವನು ಹುಡುಗ. ನಮ್ಮ ಆಡುಮಾತಿನಲ್ಲಂತೂ “ಅವನಿಗೆ ಕ್ಲಾಸ್ ತಗೊಂಡರು” ಎಂದರೆ ಚೆನ್ನಾಗಿ ಬೈದರು ಎಂದೇ ಅರ್ಥ. ಪತ್ರಿಕೆಗಳ ‘ತರಾಟೆಗೆ ತೆಗೆದುಕೊಂಡರು’ ಎಂಬ ಮಾತಿಗೆ ಇಂಗ್ಲಿಷಿನ ‘ಟೇಕ್ ಟು ಟಾಸ್ಕ್’ ಹತ್ತಿರ.

ಸ್ನಾನ ಮಾಡುತ್ತೇವೆ, ಅವರು ‘ಟೇಕ್’ ಮಾಡುತ್ತಾರೆ. ಫೋಟೋ ತೆಗೆಯುತ್ತೇವೆ, ತೆಲುಗಿನಲ್ಲಿ ‘ತೀಯಿ’, ಅಲ್ಲೂ ‘ಟೇಕ್’. ಸಭೆ ನಡೆಯುತ್ತದೆ ಅಥವಾ ಜರುಗುತ್ತದೆ, ತೆಲುಗಿನಲ್ಲೂ ‘ಜರುಗುತುಂದಿ’. ಇಂಗ್ಲಿಷಿನಲ್ಲಿ ‘ಟೇಕ್ಸ್ ಪ್ಲೇಸ್’. ಈ ಮಾತಿನಲ್ಲಿ ಪ್ಲೇಸ್ ಎಂದಿದ್ದರೂ ಜಾಗ ತಗೊಳ್ಳುವ ವಿಷಯ ಇಲ್ಲ.

ರೂಪದಲ್ಲೂ ಒಂದು ಜಾಗರೂಕತೆ ಬೇಕು. ಟೇಕ್, ಟುಕ್, ಟೇಕನ್. ‘ಟೇಕ್ಡ್’ ಎಂಬ ರೂಪ ಇಲ್ಲ. ‘ಹ್ಯಾವ್’ ಅಥವಾ ‘ವಾಸ್’ ಮುಂದೆ ‘ಟುಕ್’ ಬರುವುದಿಲ್ಲ, ‘ಟೇಕನ್’ ಬರುತ್ತದೆ.

ಸಹಿ ಹಾಕುವ ಮುಂಚೆ

ಕಾಗದಪತ್ರಗಳಲ್ಲಿ ಈ ಪದ ಬಂದರೆ ನಿಧಾನವಾಗಿ ಓದಬೇಕು. ‘ಟೇಕ್ ಪೊಸೆಷನ್’ ಎಂದರೆ ಸ್ವಾಧೀನಕ್ಕೆ ತೆಗೆದುಕೊಳ್ಳುವುದು. ಕನ್ನಡ, ತೆಲುಗು ಎರಡರಲ್ಲೂ ‘ಸ್ವಾಧೀನ’ ಎಂಬುದೇ ಪದ. ನೋಡಿದೆ, ಅಳೆದೆ ಎಂಬ ಅರ್ಥ ಇದಕ್ಕಿಲ್ಲ. ಭೂಮಿ ಕೈಬಿಟ್ಟು ಹೋಗುತ್ತದೆ ಎಂದೇ ಅರ್ಥ. 2014ರ ಜನವರಿ 1ರಿಂದ ಜಾರಿಯಾದ 2013ರ ಭೂಸ್ವಾಧೀನ ಕಾಯ್ದೆಯ 38ನೇ ಕಲಮಿನಲ್ಲಿ ಈ ಮಾತು ಬರುತ್ತದೆ. ಪರಿಹಾರ ಪೂರ್ತಿ ಸಂದಾಯವಾದ ಮೇಲೆಯೇ ಕಲೆಕ್ಟರ್ ಸ್ವಾಧೀನಕ್ಕೆ ತೆಗೆದುಕೊಳ್ಳಬೇಕು ಎಂದು ಅದು ಹೇಳುತ್ತದೆ. ಪರಿಹಾರದ ಹಣಕ್ಕೆ ಅವಾರ್ಡ್ ಆದ ದಿನದಿಂದ 3 ತಿಂಗಳು, ಪುನರ್ವಸತಿಯ ಹಣದ ಬಾಬ್ತುಗಳಿಗೆ 6 ತಿಂಗಳು ಗಡುವು. ನೋಟಿಸಿನಲ್ಲಿ ಆ ಎರಡು ಪದ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ, ಹಣ ಮುಟ್ಟಿತೇ ಎಂಬುದು.

‘ಅಂಡರ್‌ಟೇಕಿಂಗ್’ ಎಂಬ ಹಾಳೆಯೂ ಹಾಗೆಯೇ. ಶಾಲೆ, ಬ್ಯಾಂಕು, ಕಚೇರಿಗಳಲ್ಲಿ ಬೇರೆ ಹಾಳೆಗಳ ನಡುವೆ ಇದನ್ನೂ ಇಟ್ಟು ಸಹಿ ಹಾಕಿ ಎನ್ನುತ್ತಾರೆ. ಅದು ಅರ್ಜಿಯಲ್ಲ. ಅದು ಮುಚ್ಚಳಿಕೆ, ತೆಲುಗಿನಲ್ಲಿ ‘ಹಾಮೀ ಪತ್ರಂ’. ಇಂಥದ್ದನ್ನು ಮಾಡುತ್ತೇನೆ, ಅಥವಾ ಮಾಡುವುದಿಲ್ಲ ಎಂದು ಕೊಟ್ಟ ಮಾತು. ಸಹಿ ಹಾಕಿದವರು ಆ ಮಾತಿಗೆ ಬದ್ಧರು. ಕುತೂಹಲಕ್ಕೆ ಹೇಳುವುದಾದರೆ, ಇಂಗ್ಲಿಷರ ನಾಡಿನಲ್ಲಿ ‘ಅಂಡರ್‌ಟೇಕರ್’ ಎಂದರೆ ಶವಸಂಸ್ಕಾರದ ಏರ್ಪಾಡು ನೋಡಿಕೊಳ್ಳುವವನು. ಅರ್ಜಿ ತುಂಬುವಾಗ ಈ ಎರಡು ಪದ ಅದಲುಬದಲು ಮಾಡಬಾರದು.

ಸಾಲದ ವಿಷಯದಲ್ಲಿ ‘ಟೇಕ್ ಓವರ್’ ಎಂದರೆ ಒಂದು ಬ್ಯಾಂಕಿನಲ್ಲಿರುವ ಸಾಲವನ್ನು ಇನ್ನೊಂದು ಬ್ಯಾಂಕು ತನ್ನ ಲೆಕ್ಕಕ್ಕೆ ಹಾಕಿಕೊಳ್ಳುವುದು. ಸಾಲ ತೀರಿತು ಎಂದಲ್ಲ. ಅಧಿಕಾರಿ ‘ಟೇಕ್ ಓವರ್’ ಮಾಡಿದರೆ ಅಧಿಕಾರ ವಹಿಸಿಕೊಂಡರು ಎಂದರ್ಥ.

ಬಾಲ ಬದಲಾದರೆ ಅರ್ಥ ಬದಲು

ಟೇಕ್ ಹಿಂದೆ ಬರುವ ಪುಟ್ಟ ಪದಗಳನ್ನು ಮಕ್ಕಳು ಬೇರೆಯಾಗಿಯೇ ಕಲಿಯಬೇಕು. ಹೆಚ್ಚು ಬಳಕೆಯವು ಇಷ್ಟು:

ಟೇಕ್ ಆಫ್ – ಚಪ್ಪಲಿ ಬಿಡು, ಅಂಗಿ ಬಿಚ್ಚು. ವಿಮಾನವಾದರೆ ನೆಲ ಬಿಟ್ಟು ಏಳು.
ಟೇಕ್ ಆಫ್ಟರ್ – ಹೋಲು. ಹುಡುಗಿ ಅಪ್ಪನಂತೆಯೇ ಇದ್ದಾಳೆ ಎನ್ನುವಾಗ. ಕನ್ನಡದ ಹೋಲಿಕೆ, ತೆಲುಗಿನ ಪೋಲಿಕ.
ಟೇಕ್ ಬ್ಯಾಕ್ – ವಾಪಸ್ ಪಡೆ. ಆಡಿದ ಮಾತಾದರೆ ಹಿಂತೆಗೆದುಕೊ.
ಟೇಕ್ ಡೌನ್ – ಕೆಳಗಿಳಿಸು. ಹೇಳಿದ್ದನ್ನು ಬರೆದುಕೊ ಎಂದೂ ಆಗುತ್ತದೆ.
ಟೇಕ್ ಇನ್ – ಬಟ್ಟೆ ಬಿಗಿ ಮಾಡು. ಮನೆಯಲ್ಲಿ ಜಾಗ ಕೊಡು. ಒಬ್ಬ ‘ಟೇಕನ್ ಇನ್’ ಆದ ಎಂದರೆ ಮೋಸ ಹೋದ.
ಟೇಕ್ ಅಪ್ – ಕೈಗೆತ್ತಿಕೊ. ಜಾಗ, ಹೊತ್ತು ಹಿಡಿ.
ಟೇಕ್ ಲೀವ್ – ರಜೆ ಹಾಕು. ‘ಆವ್’ ಜೊತೆಗಿದ್ದರೆ ಬೀಳ್ಕೊಳ್ಳು. ತೆಲುಗಿನ ‘ಸೆಲವು ತೀಸುಕೊನು’ ಎರಡಕ್ಕೂ ನಡೆಯುತ್ತದೆ.

ಒಂದೇ ಕೆಲಸ, ಬೇರೆ ಬೇರೆ ಬಣ್ಣ

ಸಮಾನಾರ್ಥಕ ಪದ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳಿದರೆ ಮಕ್ಕಳು ಟೇಕ್ ಎಂಬುದಕ್ಕೆ ನಾಲ್ಕು ಪದ ಸಾಲಾಗಿ ಬರೆದು ಬರುತ್ತಾರೆ. ಆದರೆ ಯಾವ ಎರಡು ಪದವೂ ಪೂರ್ತಿ ಒಂದೇ ಅಲ್ಲ. ಕೊಡುವವನ ಮನಸ್ಸು ಏನು ಎಂಬುದರ ಮೇಲೆ ಪದ ಬದಲಾಗುತ್ತದೆ.

ಕೊಟ್ಟಿದ್ದು ಬಂದು ಸೇರಿದರೆ ‘ರಿಸೀವ್’. ಕನ್ನಡದಲ್ಲಿ ಮುಟ್ಟಿತು, ತೆಲುಗಿನಲ್ಲಿ ‘ಮುಟ್ಟಿಂದಿ’. ಹಣದ ರಸೀದಿಗೆ ಇದೇ ಪದ. ಕೊಟ್ಟಿದ್ದನ್ನು ಒಪ್ಪಿ ಪಡೆದರೆ ‘ಅಕ್ಸೆಪ್ಟ್’, ಸ್ವೀಕರಿಸು, ಸ್ವೀಕರಿಂಚು. ಒಂದು ಕಾಗದ ‘ರಿಸೀವ್’ ಆಗಿದೆ ಎಂದ ಮಾತ್ರಕ್ಕೆ ‘ಅಕ್ಸೆಪ್ಟ್’ ಆಗಿದೆ ಎಂದಲ್ಲ. ಕಚೇರಿಯಲ್ಲಿ ಅರ್ಜಿಗೆ ಮೊಹರು ಬಿದ್ದರೆ ಅದು ಮುಟ್ಟಿದ್ದಕ್ಕೆ ಗುರುತು, ಒಪ್ಪಿದ್ದಕ್ಕಲ್ಲ. ಈ ವ್ಯತ್ಯಾಸ ತಿಳಿಯದೆ ತಿಂಗಳುಗಟ್ಟಲೆ ಕಾದು ಕೂತವರಿದ್ದಾರೆ.

ಕೊಡುವವನಿಗೆ ಇಷ್ಟವಿಲ್ಲದಿದ್ದರೂ ಕಿತ್ತುಕೊಂಡರೆ ‘ಸ್ನ್ಯಾಚ್’, ತೆಲುಗಿನಲ್ಲಿ ‘ಲಾಕ್ಕೋ’. ಕಾನೂನಿನ ಅಧಿಕಾರದಿಂದ ವಶಪಡಿಸಿಕೊಂಡರೆ ‘ಸೀಜ್’. ಅಧಿಕಾರವಿಲ್ಲದೆ ಭೂಮಿಯನ್ನು ಒಳಗೆ ಹಾಕಿಕೊಂಡರೆ ‘ಗ್ರ್ಯಾಬ್’, ಕನ್ನಡದ ಕಬಳಿಸು. ಹೇಳದೆ ಕೇಳದೆ ಒಯ್ದರೆ ‘ಸ್ಟೀಲ್’, ಕದಿ. ಕಷ್ಟವನ್ನು ಸಹಿಸಿದರೆ ‘ಬೇರ್’, ತಾಳಿಕೊ. ಹೊಣೆ ಹೊತ್ತರೆ ‘ಅಸ್ಯೂಮ್’, ವಹಿಸಿಕೊ. ಇವೆಲ್ಲದರ ಜಾಗದಲ್ಲೂ ಇಂಗ್ಲಿಷಿನಲ್ಲಿ ‘ಟೇಕ್’ ಹಾಕಬಹುದು. ಹಾಗೆ ಹಾಕಿದಾಗ ಕೊಟ್ಟದ್ದೋ ಕಿತ್ತದ್ದೋ ಎಂಬುದು ಮರೆಯಾಗುತ್ತದೆ. ದೂರು ಬರೆಯುವಾಗ, ಸಾಕ್ಷಿ ಹೇಳುವಾಗ ಆ ಮರೆ ಇರಬಾರದು. “ಅವರು ನಮ್ಮ ಜಾಗ ತಗೊಂಡರು” ಎನ್ನುವುದಕ್ಕೂ “ಕಬಳಿಸಿದರು” ಎನ್ನುವುದಕ್ಕೂ ಎಷ್ಟು ಅಂತರವೋ ಇಂಗ್ಲಿಷಿನಲ್ಲೂ ಅಷ್ಟೇ ಅಂತರ.

‘ಟೇಕ್’ ಕೂಡ ಗಡಿ ದಾಟಿ ಬಂದದ್ದೇ

ವಿಚಿತ್ರವೆಂದರೆ ‘ಟೇಕ್’ ಇಂಗ್ಲಿಷಿನ ಸ್ವಂತ ಪದವಲ್ಲ. ಹಳೆಯ ಇಂಗ್ಲಿಷಿನಲ್ಲಿ ತಗೋ ಎಂಬುದಕ್ಕೆ ‘ನಿಮನ್’ ಎನ್ನುತ್ತಿದ್ದರು. ಜರ್ಮನ್ ಭಾಷೆಯಲ್ಲಿ ಅದರ ಅಣ್ಣತಮ್ಮ ‘ನೇಮೆನ್’ ಇಂದಿಗೂ ಇದೆ. 9ನೇ ಶತಮಾನದಲ್ಲಿ ಡೆನ್ಮಾರ್ಕ್ ಕಡೆಯಿಂದ ಸಮುದ್ರ ದಾಟಿ ಬಂದವರು ಇಂಗ್ಲೆಂಡಿನ ಉತ್ತರ, ಪೂರ್ವ ಭಾಗದಲ್ಲಿ ನೆಲೆಸಿದರು. ಮೊದಲು ಯುದ್ಧ, ಆಮೇಲೆ ಒಪ್ಪಂದ, ಆಮೇಲೆ ಸಂತೆ, ಮದುವೆ. ಎರಡು ಭಾಷೆಯವರು ಅಕ್ಕಪಕ್ಕ ಬೇಸಾಯ ಮಾಡಿದರು. ಬಂದವರ ‘ತಾಕಾ’ ಎಂಬ ಪದ ಇದ್ದವರ ಬಾಯಿಗೆ ಸೇರಿ ‘ಟೇಕ್’ ಆಯಿತು. ಕೆಲವು ಶತಮಾನಗಳಲ್ಲಿ ‘ನಿಮನ್’ ಮೂಲೆ ಸೇರಿತು. ಕೈಕಾಲು ಜೋಮು ಹಿಡಿದರೆ ಇಂಗ್ಲಿಷಿನಲ್ಲಿ ‘ನಂಬ್’ ಎನ್ನುತ್ತಾರಲ್ಲ, ಅದು ಆ ಹಳೆಯ ಪದದ ಉಳಿಕೆ. ಸ್ಪರ್ಶ ‘ತೆಗೆದುಕೊಂಡು ಹೋದ’ ಅಂಗ ಎಂದು ಅದರ ಮೂಲ ಅರ್ಥ. ಇಂಗ್ಲಿಷಿನವರು ದಿನವೂ ಬಳಸುವ ‘ದೇ’, ‘ದೆಮ್’, ಮೊಟ್ಟೆಯ ‘ಎಗ್’, ಗಂಡನೆಂಬ ‘ಹಸ್ಬೆಂಡ್’, ಕಿಟಕಿಯ ‘ವಿಂಡೋ’ ಎಲ್ಲವೂ ಆ ನೆರೆಯವರಿಂದಲೇ ಬಂದವು.

ಎರಡು ಭಾಷೆ ಬೆರೆಸಿ ಮಾತಾಡುತ್ತಾರೆಂದು ಗಡಿಯವರನ್ನು ಎರಡೂ ಕಡೆಯವರು ಹಾಸ್ಯ ಮಾಡುವುದುಂಟು. ಪ್ರಪಂಚವೆಲ್ಲ ಕಲಿಯುತ್ತಿರುವ ಭಾಷೆಯೂ ಒಂದು ಕಾಲಕ್ಕೆ ಹೀಗೇ ಬೆರೆತದ್ದು ಎಂದು ಅವರಿಗೆ ಹೇಳಬಹುದು.

ಈ ಸೀಮೆಗೆ ನಿಘಂಟಿನ ಕೆಲಸವೂ ಹೊಸದಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್ ಸೇವೆಯಲ್ಲಿದ್ದ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲೂ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲೂ ಹೊರಬಂದವು. ಕಡಪದಲ್ಲಿ ಅಧಿಕಾರಿಯಾಗಿದ್ದ ಸಿ.ಪಿ. ಬ್ರೌನ್ 1850ರ ದಶಕದಲ್ಲಿ ತೆಲುಗಿಗೆ ಅದೇ ಕೆಲಸ ಮಾಡಿದರು. ಅನಂತಪುರ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಕಲಿಸುತ್ತ ಎರಡೂ ಭಾಷೆಯಲ್ಲಿ ವಿದ್ವಾಂಸರೆನಿಸಿದರು. ಕನ್ನಡದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಒಂದೊಂದೇ ಪದಕ್ಕೆ ವರ್ಷಗಟ್ಟಲೆ ಉತ್ತರ ಬರೆದರು. ಪದದ ಅರ್ಥ ಕೇಳುವುದು ನಾಚಿಕೆಯ ವಿಷಯವಲ್ಲ ಎಂಬುದನ್ನು ಆ ಅಂಕಣವೇ ತೋರಿಸಿಕೊಟ್ಟಿತು.

ಮಕ್ಕಳಿಗೆ ಹೇಳಿಕೊಡಲು ಸುಲಭದ ದಾರಿ ಒಂದಿದೆ. ‘ಟೇಕ್’ ಕಂಡ ಕೂಡಲೇ ಅದಕ್ಕೆ ಅರ್ಥ ಹೇಳಬೇಡಿ. ಅದರ ಮುಂದಿನ ಪದ ಯಾವುದು ಎಂದು ಮೊದಲು ನೋಡಲಿ: ಮಾತ್ರೆಯೇ, ಬಸ್ಸೇ, ಪರೀಕ್ಷೆಯೇ, ಜಮೀನೇ? ಆ ವಸ್ತುವಿಗೆ ಮನೆಯಲ್ಲಿ ಕನ್ನಡದಲ್ಲಿ ಏನನ್ನುತ್ತಾರೆ, ಅಂಗಡಿಯಲ್ಲಿ ತೆಲುಗಿನಲ್ಲಿ ಏನನ್ನುತ್ತಾರೆ ಎಂದು ನೆನಪಿಸಿಕೊಳ್ಳಲಿ. ಮಾತ್ರೆಗೆ ನುಂಗು, ಬಸ್ಸಿಗೆ ಹತ್ತು, ಪರೀಕ್ಷೆಗೆ ಬರೆ, ಜಮೀನಿಗೆ ಸ್ವಾಧೀನ. ಅರ್ಥ ತಾನಾಗಿ ಬರುತ್ತದೆ.

ಹಾಗೆ ಕಲಿತ ಮೊಮ್ಮಗಳು ಗೂಡಿನ ಸೀಸೆಯನ್ನು ಇನ್ನೊಮ್ಮೆ ಓದಿದರೆ “ತಗೋಬಾರದಂತೆ” ಎನ್ನುವುದಿಲ್ಲ. “ಇದನ್ನ ಕುಡೀಬಾರ್ದಂತೆ ಅಜ್ಜಿ, ಎತ್ತಿ ಬೇರೆ ಕಡೆ ಇಡ್ತೀನಿ” ಎನ್ನುತ್ತಾಳೆ.